ಹಸಿ ಕಸದಲ್ಲಿ ಏಳು ಕಟ್ಟು ಸೊಪ್ಪು

ಮಾಕಳಿ
3 ಫೆಬ್ರುವರಿ 2025

ಶರತ್‌ಗೆ,

ಆಶೀರ್ವಾದಗಳು. ಎಷ್ಟೇ ಕೋಪವಿದ್ದರೂ ಕಾಗದದ ಮೊದಲ ಸಾಲಿನಲ್ಲಿ ಆಶೀರ್ವಾದ ಬರೆಯಬೇಕು ಅಂತ ಎಂಟನೇ ಕ್ಲಾಸಿನಲ್ಲಿ ನಮ್ಮ ಮೇಷ್ಟ್ರು ಹೇಳಿಕೊಟ್ಟಿದ್ದರು. ಅದಕ್ಕೆ ಬರೆದಿದ್ದೇನೆ. ಮುಂದಿನ ಸಾಲುಗಳಲ್ಲಿ ಅಂಥದ್ದೇನೂ ಸಿಗುವುದಿಲ್ಲ.

ನನ್ನ ಫೋನು ಮನೆಯಲ್ಲೇ ಫ್ರಿಜ್ ಮೇಲಿದೆ. ಬೇಕಂತಲೇ ಬಿಟ್ಟು ಬಂದಿದ್ದೇನೆ. ನಿನ್ನ ಸೋದರಮಾವ ಮುನಿಕೃಷ್ಣಪ್ಪನ ಫೋನಿಗೆ ದಿನಕ್ಕೆ ಹತ್ತು ಸಲ ಮಾಡಬೇಡ, ಪಾಪ ಅವನಿಗೆ ತೋಟದಲ್ಲಿ ಕೆಲಸವಿರುತ್ತದೆ. ಫೋನಿನಲ್ಲಿ ನೀನು ‘ಅಮ್ಮ, ಒಂದ್ನಿಮಿಷ ಕೇಳಮ್ಮ’ ಅಂತ ಶುರು ಮಾಡಿದರೆ ನಾನು ಹೇಳಬೇಕಾದ್ದು ನನ್ನ ಬಾಯಲ್ಲೇ ಉಳಿಯುತ್ತದೆ. ಕಾಗದದಲ್ಲಾದರೆ ನಡುವೆ ಬಾಯಿ ಹಾಕಲು ನಿನ್ನಿಂದ ಆಗುವುದಿಲ್ಲ.

ನೀನು ಮೋನಿಕಾಗೆ ಏನು ಹೇಳಿರುತ್ತೀಯ ಅಂತ ನನಗೆ ಗೊತ್ತು. ‘ಅಮ್ಮನಿಗೆ ವಯಸ್ಸಾಯ್ತು, ಸಣ್ಣದಕ್ಕೆಲ್ಲ ಕೋಪ’ ಅಂದಿರುತ್ತೀಯ. ಆದ್ದರಿಂದ ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ಗಂಡ ಹೆಂಡತಿ ಇಬ್ಬರೂ ಕೂತು ಓದಿ.

ಗುರುವಾರ ಬೆಳಿಗ್ಗೆ ಏಳು ಗಂಟೆಗೇ ನನ್ನ ಸೊಪ್ಪಿನ ಬುಟ್ಟಿ ಖಾಲಿಯಾಗಿತ್ತು. ಹೊಂಗೆಮರದ ಕೆಳಗಿನ ನನ್ನ ಜಾಗದಿಂದ ಎದ್ದು, ಗೋಣಿಚೀಲ ಕೊಡವಿ, ಪಕ್ಕದಲ್ಲಿ ಹೂ ಮಾರುವ ರತ್ನಕ್ಕನಿಗೆ ‘ನೋಡ್ದೇನೇ, ಇವತ್ತೂ ಆಗೋಯ್ತು. ಕೈಗುಣ ಅಂದ್ರೆ ಇದು ಕಣೇ’ ಅಂದೆ. ಅವಳು ಹೂ ಕಟ್ಟುತ್ತಲೇ ‘ಊಂ’ ಅಂದಳು. ತಲೆ ಎತ್ತಲಿಲ್ಲ. ಅವಳು ಯಾಕೆ ತಲೆ ಎತ್ತಲಿಲ್ಲ ಅನ್ನುವುದು ನನಗೆ ಹದಿನೈದು ನಿಮಿಷದ ನಂತರ ಗೊತ್ತಾಯಿತು.

ಮನೆಗೆ ಬಂದರೆ ಗೇಟಿನ ಮುಂದೆ ಕಸದ ಆಟೊ ನಿಂತಿತ್ತು. ನಮ್ಮ ಎರಡನೇ ಮಹಡಿಯ ಬಾಡಿಗೆಯವಳು ದಾಕ್ಷಾಯಣಿ ಇಟ್ಟಿದ್ದ ಹಸಿ ಕಸದ ಬಕೆಟ್ಟಿನ ಮುಚ್ಚಳ ಸರಿದಿತ್ತು. ಒಳಗೆ ಹಸಿರು ಕಂಡಿತು. ಕೈ ಹಾಕಿದೆ. ದಂಟು, ಮೆಂತ್ಯ, ಸಬ್ಬಸಿಗೆ, ಮತ್ತೆ ದಂಟು. ಒಟ್ಟು ಏಳು ಕಟ್ಟು. ಒಂದನ್ನೂ ಬಿಚ್ಚಿರಲಿಲ್ಲ. ಬಾಳೆನಾರನ್ನು ಎರಡು ಸುತ್ತು ಸುತ್ತಿ, ತುದಿಯನ್ನು ಒಳಗೆ ಸಿಕ್ಕಿಸಿದ ಗಂಟು. ಕೊಡಿಗೇಹಳ್ಳಿಯಲ್ಲಿ ಹಾಗೆ ಕಟ್ಟುವವಳು ನಾನೊಬ್ಬಳೇ. ಉಳಿದವರೆಲ್ಲ ರಬ್ಬರ್ ಬ್ಯಾಂಡ್ ಹಾಕುತ್ತಾರೆ. ನನ್ನ ಕೈಯ ಗಂಟು ನನಗೇ ಕಸದಲ್ಲಿ ಸಿಕ್ಕಿತು ಶರತ್.

ದಾಕ್ಷಾಯಣಿ ಮೆಟ್ಟಿಲಿಳಿದು ಓಡಿ ಬಂದಳು. ‘ಅಮ್ಮಾರ, ತಪ್ಪ ತಿಳ್ಕೋಬ್ಯಾಡ್ರಿ. ಶರತ್ ಸರ್ ಹೇಳ್ಯಾರಂತ ತೊಗೋತೀವ್ರಿ. ದಿನಾ ಐದೈದು ಕಟ್ಟು ಎಲ್ಲಿ ತಿನ್ನೂಣ್ರಿ?’ ಅಂದಳು. ಆಮೇಲೆ ಫೋನು ತೋರಿಸಿದಳು. ದಸರಾ ಕಳೆದ ವಾರ ನೀನು ಬಿಲ್ಡಿಂಗಿನ ಹನ್ನೆರಡು ಮನೆಯವರ ಗ್ರೂಪಿಗೆ ಹಾಕಿದ ಮೆಸೇಜು. ಬೆಳಿಗ್ಗೆ ಆರೂವರೆಯಿಂದ ಏಳರೊಳಗೆ ಎಲ್ಲರೂ ಅಮ್ಮನ ಹತ್ತಿರ ಐದೈದು ಕಟ್ಟು ಸೊಪ್ಪು ತಗೊಳ್ಳಿ, ದುಡ್ಡು ನಾನು ಕೊಡ್ತೀನಿ, ಅಮ್ಮನಿಗೆ ಗೊತ್ತಾಗಬಾರದು. ಕೊನೆಯಲ್ಲಿ ಕೈ ಮುಗಿಯುವ ಬೊಂಬೆ ಬೇರೆ.

ಮೂರೂವರೆ ತಿಂಗಳು! ನನ್ನನ್ನು ಮಗು ಮಾಡಿ, ಮಣ್ಣಿನ ಲಡ್ಡು ಮಾರುವ ಆಟ ಆಡಿಸಿದೆ. ನಾನು ಬೀಗುತ್ತಾ ಮನೆಗೆ ಬರುತ್ತಿದ್ದೆ. ನೀನು ಎದುರು ನಿಂತು ‘ಪರವಾಗಿಲ್ವೇ, ಇವತ್ತೂ ಎಲ್ಲಾ ಹೋಯ್ತಾ?’ ಅಂತ ಕೇಳುತ್ತಿದ್ದೆ. ಹೇಗೆ ಕೇಳಿದೆಯೋ, ನಗು ಬರದ ಹಾಗೆ?

ನಾನು ವಾಪಸು ಬರುವುದಿಲ್ಲ. ಹಿತ್ತಲ ಪಾತಿಗೆ ನೀರು ಹಾಕು. ಹಾಕದಿದ್ದರೂ ನನಗೇನು.

ಇಂತಿ,
ಕೃಷ್ಣಮ್ಮ


ಕೊಡಿಗೇಹಳ್ಳಿ
9 ಫೆಬ್ರುವರಿ 2025

ಅಮ್ಮನಿಗೆ,

ನಮಸ್ಕಾರ. ನಾನು ಕೈಯಲ್ಲಿ ಕಾಗದ ಬರೆದು ಇಪ್ಪತ್ತು ವರ್ಷವಾಯಿತು, ಅಕ್ಷರ ಕೆಟ್ಟದಾಗಿದ್ದರೆ ಬೈಯಬೇಡ. ಹೆತ್ತ ಮಗನಿಗೆ ‘ಇಂತಿ, ಕೃಷ್ಣಮ್ಮ’ ಅಂತ ಸಹಿ ಹಾಕಿದ್ದೀಯಲ್ಲ, ಅದನ್ನು ನೋಡಿ ಮೋನಿಕಾಗೆ ಅಳುವೇ ಬಂತು.

ನಾನು ಮಾಡಿದ ತಪ್ಪಾದರೂ ಏನು ಅಂತ ಸ್ವಲ್ಪ ಹೇಳು. ನಿನಗೆ ಅರವತ್ತಮೂರು. ಮಂಡಿ ನೋವು. ಹೋದ ವರ್ಷ ಆಷಾಢದಲ್ಲಿ ಆಟೊದವನು ನಿನ್ನ ಕಾಲ ಬೆರಳಿನ ಮೇಲೆ ಗಾಲಿ ಹತ್ತಿಸಿದ. ಆರು ವಾರ ಬ್ಯಾಂಡೇಜು. ಏಳನೇ ವಾರಕ್ಕೆ ನೀನು ಮತ್ತೆ ಹೊಂಗೆಮರದ ಕೆಳಗೆ! ಹನ್ನೆರಡು ಮನೆ ಬಾಡಿಗೆ ಬರುವ ಬಿಲ್ಡಿಂಗಿನ ಯಜಮಾನಿ ರಸ್ತೆ ಬದಿಯಲ್ಲಿ ಗೋಣಿಚೀಲ ಹಾಸಿಕೊಂಡು ಕೂತರೆ ಸಂಜಯನಗರದ ನನ್ನ ಅಂಗಡಿಗೆ ಬರುವವರು ಏನು ಕೇಳುತ್ತಾರೆ ಗೊತ್ತಾ? ‘ಏನ್ ಗುರು, ಅಮ್ಮನ್ನ ಇನ್ನೂ ದುಡಿಸ್ತಿದೀಯಾ?’ ಅಂತಾರೆ. ನಾನು ಅಂಗಡಿಯ ಸಿಮೆಂಟ್ ಮೂಟೆಗಳ ಹಿಂದೆ ಮುಖ ಮರೆಸಿಕೊಳ್ಳಬೇಕು.

ಬೇಡ ಅಂತ ಹೇಳಿ ಹೇಳಿ ಸಾಕಾಯಿತು. ನಿನ್ನ ಹುಟ್ಟುಹಬ್ಬಕ್ಕೆ ನಂದಿ ಕಡೆ ರೆಸಾರ್ಟಿಗೆ ಕರೆದುಕೊಂಡು ಹೋದೆ. ಕಾಲು ಒತ್ತಿಸಿದೆ, ಕೇಕು ಕಟ್ ಮಾಡಿಸಿದೆ, ಒಂದು ದಿನವಾದರೂ ನೀನು ಸುಖವಾಗಿರಲಿ ಅಂತ. ನೀನು ಮುಖ ಊದಿಸಿಕೊಂಡು ‘ಇಲ್ಲಿ ಪಾಲಕ್ ಎಷ್ಟಕ್ಕೆ ತರಿಸ್ತೀರ’ ಅಂತ ಅಡುಗೆಯವರನ್ನು ವಿಚಾರಿಸಿಕೊಂಡು ಕೂತೆ.

ಸರಿ, ಕೂರಲೇಬೇಕು ಅಂದರೆ ಬಿಸಿಲೇರುವ ಮೊದಲು ಎದ್ದು ಬರಲಿ ಅಂತ ಒಂದು ವ್ಯವಸ್ಥೆ ಮಾಡಿದೆ. ನಿನ್ನ ಸೊಪ್ಪೆಲ್ಲ ಹೋಗುತ್ತಿತ್ತು. ನೀನು ಖುಷಿಯಾಗಿ ಬರುತ್ತಿದ್ದೆ. ಯಾರಿಗೇನು ನಷ್ಟವಾಯಿತು? ಖುಷಿ ಖುಷಿಯೇ ಅಲ್ಲವೇ? ನಿನಗೆ ಗೊತ್ತಾಗುವವರೆಗೆ ಅದು ಒಳ್ಳೆಯ ದಿನವೇ ಆಗಿತ್ತಲ್ಲ?

ದಾಕ್ಷಾಯಣಿ ಅವರು ಒಂದಿಷ್ಟು ಹುಷಾರಾಗಿ ಬಕೆಟ್ಟಿನ ಮುಚ್ಚಳ ಹಾಕಿದ್ದರೆ ಈ ಗಲಾಟೆಯೇ ಇರುತ್ತಿರಲಿಲ್ಲ.

ಪಾತಿಗೆ ನೀರು ಹಾಕುತ್ತಿದ್ದೇನೆ. ಬೇಗ ಬಾ.

ನಿನ್ನ ಮಗ,
ಶರತ್


ಮಾಕಳಿ
14 ಫೆಬ್ರುವರಿ 2025

ಶರತ್‌ಗೆ,

ಆಶೀರ್ವಾದ.

ಮುಚ್ಚಳ ಹಾಕಿದ್ದರೆ! ನಿನ್ನ ಕಾಗದದಲ್ಲಿ ನಾನು ಮೂರು ಸಲ ಓದಿದ್ದು ಆ ಒಂದೇ ಸಾಲು. ನೀನು ಮಾಡಿದ್ದು ತಪ್ಪಲ್ಲ, ನನಗೆ ಗೊತ್ತಾಗಿದ್ದು ತಪ್ಪು. ಭಲೇ ಮಗನೇ.

ಯಾರಿಗೇನು ನಷ್ಟ ಅಂತ ಕೇಳಿದ್ದೀಯ. ಕೇಳು. ಸಂಜಯನಗರದ ಕಡೆಯಿಂದ ನಜ್ಮುನ್ನೀಸಾ ಪ್ರತಿ ಶುಕ್ರವಾರ ಎಂಟು ಗಂಟೆಗೆ ಪುದೀನ, ಕೊತ್ತಂಬರಿಗೆ ಬರುತ್ತಿದ್ದಳು. ಹತ್ತೊಂಬತ್ತು ವರ್ಷದಿಂದ. ನೀನು ‘ವ್ಯವಸ್ಥೆ’ ಮಾಡಿದ ಮೇಲೆ ಅವಳು ಬರುವಷ್ಟರಲ್ಲಿ ನನ್ನ ಬುಟ್ಟಿ ಖಾಲಿ. ಮೊದಲ ಶುಕ್ರವಾರ ಖಾಲಿ, ಎರಡನೆಯ ಶುಕ್ರವಾರ ಖಾಲಿ. ಮೂರನೆಯ ವಾರ ಎದುರಿಗೆ ಸಿಕ್ಕಾಗ ನಾನೇ ಜಂಬದಿಂದ ‘ಬೇಗ ಬರ್ಬೇಕಮ್ಮ, ಈಗ ನಮ್ ಸೊಪ್ಪಿಗೆ ಬಾರೀ ಡಿಮ್ಯಾಂಡು’ ಅಂದೆ. ಆಮೇಲೆ ಅವಳು ಬರಲೇ ಇಲ್ಲ. ಬ್ಯಾಂಕಿನ ವಾಚ್‌ಮನ್ನು, ಇಡ್ಲಿ ಗಾಡಿಯವಳು, ಕರಿಬೇವು ಒಂದೇ ಕಡ್ಡಿ ಕೇಳುವ ಪೆನ್ಷನ್ ತಾತ, ಎಲ್ಲರೂ ಹೋದರು. ನಾನೇ ಅಟ್ಟಿದೆ. ಕಸದ ಬಕೆಟ್ಟಿಗೆ ಮಾರುವ ಭರದಲ್ಲಿ ತಿನ್ನುವವರನ್ನು ಅಟ್ಟಿದೆ. ಇದು ನಷ್ಟವಲ್ಲವೇನೋ?

ರತ್ನಕ್ಕನಿಗೆ ನವೆಂಬರಿನಿಂದಲೇ ಗೊತ್ತಿತ್ತಂತೆ. ಬಿಲ್ಡಿಂಗಿನವರೊಬ್ಬರು ಅವಳ ಹತ್ತಿರ ಬಾಯಿಬಿಟ್ಟಿದ್ದರಂತೆ. ದಿನವೂ ನಾನು ಕೈಗುಣ, ಕೈಗುಣ ಅಂತ ಅವಳ ಮುಂದೆ ಕುಣಿಯುವಾಗ ಅವಳು ಏನು ಅಂದುಕೊಂಡಿರಬಹುದು? ಅದನ್ನು ನೆನೆಸಿಕೊಂಡರೆ ನನಗೆ ಇಲ್ಲಿ ಅನ್ನ ಇಳಿಯುವುದಿಲ್ಲ. ನಿನಗೆ ಅಂಗಡಿಯಲ್ಲಿ ಮುಖ ಮರೆಸಿಕೊಳ್ಳಲು ಸಿಮೆಂಟ್ ಮೂಟೆಯಾದರೂ ಇದೆ.

ಒಳ್ಳೆಯ ದಿನ ಅಂದರೆ ಏನು ಅಂತ ನಾನು ಹೇಳುತ್ತೇನೆ. ಹೋದ ವರ್ಷ ಜೂನಿನಲ್ಲಿ ಒಂದು ದಿನ. ಬೆಳಿಗ್ಗೆಯಿಂದ ಜಿಟಿಜಿಟಿ. ಪ್ಲಾಸ್ಟಿಕ್ ಹಾಳೆ ತಲೆ ಮೇಲೆ ಹಾಕಿಕೊಂಡು ಕೂತಿದ್ದೆ. ಅರ್ಧ ಬುಟ್ಟಿ ಹಾಗೇ ಉಳಿಯಿತು. ನಜ್ಮುನ್ನೀಸಾ ಬಂದು ಒಂದು ಕಟ್ಟು ಪುದೀನಕ್ಕೆ ಹತ್ತು ನಿಮಿಷ ಚೌಕಾಸಿ ಮಾಡಿದಳು. ‘ಎಲೆ ಎಲ್ಲೈತ್ರೀ ಇದ್ರಾಗೆ, ಬರೀ ಕಡ್ಡಿ’ ಅಂದಳು. ‘ಬ್ಯಾಡ್ದಿದ್ರೆ ಓಗಮ್ಮ’ ಅಂದೆ. ಹೋದಳು. ರಸ್ತೆ ದಾಟಿದಳು. ಆ ಕಡೆ ಗಾಡಿಯವನ ಪುದೀನ ಎತ್ತಿ ನೋಡಿದಳು, ಮೂಸಿದಳು, ಇಟ್ಟಳು. ಮತ್ತೆ ರಸ್ತೆ ದಾಟಿ ನನ್ನ ಹತ್ತಿರ ಬಂದು ಚೀಲ ಬಿಡಿಸಿ ಹಿಡಿದಳು. ನಾನು ಪುದೀನ ಹಾಕಿ, ಮೇಲೆ ಕೊಸರಿಗೆ ಎರಡು ಕಡ್ಡಿ ಕೊತ್ತಂಬರಿ ಇಟ್ಟೆ. ಅವತ್ತು ಮನೆಗೆ ಬಂದು ಎರಡು ಮುದ್ದೆ ಉಂಡೆ, ನೆನಪಿದೆಯಾ? ನೀನೇ ‘ಏನಮ್ಮಾ ಇವತ್ತು’ ಅಂತ ಕೇಳಿದ್ದೆ.

ಅವಳು ಬೇಡ ಅನ್ನಬಹುದಾಗಿತ್ತು ಕಣೋ. ಬೇಡ ಅಂತ ಹೋಗಿಯೂ ಇದ್ದಳು. ಆದರೂ ತಗೊಂಡಳು. ನಿನ್ನ ಹನ್ನೆರಡು ಮನೆಯವರಿಗೆ ಬೇಡ ಅನ್ನುವ ದಾರಿಯನ್ನೇ ನೀನು ಇಟ್ಟಿರಲಿಲ್ಲ. ಓನರ್ ಮಗ ಹೇಳಿದ ಮೇಲೆ ಯಾರು ತಾನೇ ಬೇಡ ಅಂತಾರೆ?

ರೆಸಾರ್ಟಿನ ವಿಷಯ ಎತ್ತಬೇಡ. ಯಾರೋ ಹುಡುಗಿ ನನ್ನ ಕಾಲು ಒತ್ತುತ್ತಿದ್ದಳು. ಬೆಳಿಗ್ಗೆಯಿಂದ ಅವಳು ಏನೂ ತಿಂದಿರಲಿಲ್ಲ. ನಾನು ಕೇಳಿದ್ದಕ್ಕೆ ಹೇಳಿದಳು. ನಿಮಗ್ಯಾರಿಗೂ ಕೇಳಬೇಕು ಅನ್ನಿಸಲಿಲ್ಲ. ಅದು ನನ್ನ ಸುಖದ ದಿನವಂತೆ.

ಕೃಷ್ಣಮ್ಮ


ಕೊಡಿಗೇಹಳ್ಳಿ
22 ಫೆಬ್ರುವರಿ 2025

ಪೂಜ್ಯ ಕೃಷ್ಣಮ್ಮನವರಿಗೆ,

ನಿಮ್ಮ ಎರಡನೇ ಮಹಡಿಯ ದಾಕ್ಷಾಯಣಿ ಮಾಡುವ ಶರಣು. ನಿಮ್ಮ ವಿಳಾಸವನ್ನು ರತ್ನಕ್ಕನ ಕೈಯಿಂದ ಇಸಗೊಂಡೆ. ಶರತ್ ಸರ್‌ಗೆ ಈ ಪತ್ರದ ವಿಷಯ ತಿಳಿಸಬೇಡಿ.

ಮೊದಲು ಕ್ಷಮೆ ಕೇಳುತ್ತೇನೆ. ಸೊಪ್ಪನ್ನು ಕಸಕ್ಕೆ ಹಾಕಿದ್ದು ತಪ್ಪು. ನಮ್ಮ ಹಾವೇರಿ ಕಡೆ ಪಲ್ಯೆ, ಅಂದರೆ ಸೊಪ್ಪು, ಕೆಟ್ಟರೆ ಎಮ್ಮೆಗಾದರೂ ಹಾಕುತ್ತಾರೆ. ಇಲ್ಲಿ ಎಮ್ಮೆ ಎಲ್ಲಿಂದ ತರಲಿ?

ಕ್ಷಮೆ ಕೇಳಿದ್ದಾಯಿತು. ಈಗ ನನ್ನ ಸಿಟ್ಟನ್ನೂ ಕೇಳಬೇಕು ನೀವು. ಕಾಗದಗಳ ವಿಷಯ ಮೋನಿಕಾ ಅವರು ಹೇಳಿದರು; ಅಮ್ಮ, ಮಗ ಇಬ್ಬರೂ ಒಳ್ಳೆಯ ದಿನಕ್ಕಾಗಿ ಜಗಳವಾಡುತ್ತಿದ್ದೀರಿ. ನಮ್ಮ ದಿನ ಹೇಗಿತ್ತು ಅಂತ ಯಾರಾದರೂ ಕೇಳಿದಿರಾ? ನಾನು ಯಲಹಂಕದ ಕಾಲೇಜೊಂದರಲ್ಲಿ ಗುಮಾಸ್ತೆ. ಏಳೂಹತ್ತಕ್ಕೆ ಮಗಳ ಸ್ಕೂಲ್ ವ್ಯಾನು. ಅವಳ ಜಡೆ, ಡಬ್ಬಿ, ನಮ್ಮ ಮನೆಯವರ ಡಬ್ಬಿ, ಇದರ ನಡುವೆ ಒಲೆ ಆರಿಸಿ ಹೊಂಗೆಮರದ ತನಕ ಓಡಿ ಐದು ಕಟ್ಟು ತಂದು ಹಾಕಬೇಕು. ಸಂಜೆ ಆರಕ್ಕೆ ಬಂದರೆ ಆ ಐದು ಕಟ್ಟು ಅಡುಗೆಮನೆ ಕಟ್ಟೆಯ ಮೇಲೆ ನನ್ನನ್ನೇ ಕಾಯುತ್ತಿರುತ್ತಿದ್ದವು. ಸೋಸಬೇಕು, ತೊಳೆಯಬೇಕು. ನಮ್ಮ ಮನೆಯವರು ಒಂದು ದಿನ ತಾಟು ಸರಿಸಿ ‘ದಿನಾ ಸೊಪ್ಪ ತಿನ್ನಾಕ ನಾ ಏನ ಆಡು ಏನು?’ ಅಂದರು. ಮೂರನೇ ಮಹಡಿಯ ಒಬ್ಬಂಟಿ ಹುಡುಗನ ಮನೆಯಲ್ಲಿ ಒಲೆಯೇ ಇಲ್ಲ. ಅವನೂ ಐದು ಕಟ್ಟು ತರುತ್ತಿದ್ದ, ನಮ್ಮ ಬಾಗಿಲಲ್ಲಿ ಇಟ್ಟು ಹೋಗುತ್ತಿದ್ದ.

ನನಗೆ ಒಳ್ಳೆಯ ದಿನ ಅಂದರೆ ಏನು ಗೊತ್ತೇನ್ರಿ? ಸಂಜೆ ಒಂದು ತಾಸು ಯಾರೂ ಏನೂ ಕೇಳದೆ, ಬಾಲ್ಕನಿಯಲ್ಲಿ ಸುಮ್ಮನೆ ಕೂರುವುದು. ಅಷ್ಟೇ. ಅದು ದಸರೆಯಿಂದ ಒಂದು ದಿನವೂ ಸಿಕ್ಕಿಲ್ಲ.

ನೆನಪಿದೆಯೇ, ನಾವು ಬಂದ ಹೊಸದರಲ್ಲಿ ನಾನು ‘ಪುಂಡಿ ಪಲ್ಯೆ ಅದ ಏನ್ರಿ’ ಅಂತ ಕೇಳಿದ್ದಕ್ಕೆ ನೀವು ‘ಅದೇನಮ್ಮ ಅದು, ಪುಂಡ್ರು ತಿನ್ನೋದಾ’ ಅಂತ ನಕ್ಕಿದ್ದಿರಿ. ಎರಡು ತಿಂಗಳಿಗೆ ಹಿತ್ತಲಲ್ಲಿ ನನಗಾಗಿಯೇ ಒಂದು ಸಾಲು ಹಾಕಿದ್ದಿರಿ. ಅದನ್ನು ಕೊಂಡು ತರುವಾಗ ನನಗೆ ತವರಿಗೆ ಹೋಗಿ ಬಂದಂತಾಗುತ್ತಿತ್ತು. ಗ್ರೂಪಿನಲ್ಲಿ ಮೆಸೇಜು ಬಂದ ಮೇಲೆ ಅದೇ ಪುಂಡಿ ಪಲ್ಯೆ ಮೆಟ್ರಿಕ್ ಪರೀಕ್ಷೆಯಂತಾಯಿತು.

ಇನ್ನೊಂದು ಮಾತು. ಬರೆಯಬೇಕೋ ಬೇಡವೋ ಅಂತ ಎರಡು ದಿನ ಯೋಚಿಸಿದೆ. ಶರತ್ ಸರ್ ಪ್ರತಿದಿನ ಏಳು ಗಂಟೆಗೆ ಗೇಟಿಗೆ ಬಂದು ನಿಲ್ಲುತ್ತಿದ್ದರು. ನಾನು ಸೊಪ್ಪು ಹಿಡಿದು ಬಂದರೆ ‘ಅಮ್ಮ ಎದ್ರಾ? ಹೊರಟ್ರಾ?’ ಅಂತ ಕೇಳುತ್ತಿದ್ದರು. ಹೊರಟರು ಅಂದರೆ ಸಾಕು, ಒಳಗೆ ಓಡಿ ಹಾಲು ಒಲೆಗಿಡುತ್ತಿದ್ದರು. ನಿಮ್ಮ ಅಡುಗೆಮನೆಯ ಕಿಟಕಿ ನಮ್ಮ ಮೆಟ್ಟಿಲಿಗೆ ಕಾಣುತ್ತದೆ. ಮರ್ಯಾದೆಗಾಗಿ ಮಾಡುವವರು ಹಾಗೆ ಓಡುವುದಿಲ್ಲ ಅಂತ ನನಗೆ ಅನ್ನಿಸಿತು. ಯಾಕೆ ಅಂತ ನನಗೆ ಗೊತ್ತಿಲ್ಲ.

ಬರ್ರಿ ಅಮ್ಮಾರ. ಪುಂಡಿ ಒಣಗಾಕ ಹತ್ಯಾದ. ಸರ್ ನೀರೇನೋ ಹಾಕ್ತಾರ, ಬುಡಕ್ಕ ಹಾಕೂದು ಗೊತ್ತಿಲ್ಲ.

ನಿಮ್ಮ,
ದಾಕ್ಷಾಯಣಿ


ಮಾಕಳಿ
28 ಫೆಬ್ರುವರಿ 2025

ಶರತ್‌ಗೆ,

ಆಶೀರ್ವಾದ. ಒಂದೇ ಪ್ರಶ್ನೆ. ಬೆಳಿಗ್ಗೆ ಏಳು ಗಂಟೆಗೆ ಗೇಟಿನ ಹತ್ತಿರ ಯಾಕೆ ನಿಲ್ಲುತ್ತಿದ್ದೆ? ನಿಜ ಹೇಳು. ಮಂಡಿನೋವು, ಆಟೊ ಗಾಲಿ, ಅಂಗಡಿಗೆ ಬರುವವರು, ಇದೆಲ್ಲ ಓದಿ ಆಗಿದೆ.

ಕೃಷ್ಣಮ್ಮ


ಕೊಡಿಗೇಹಳ್ಳಿ
16 ಮಾರ್ಚ್ 2025

ಅಮ್ಮ,

ನಿಜ ಬೇಕಾ? ತಗೋ.

ಅಪ್ಪ ಹೋದಾಗ ನನಗೆ ಎಂಟು ವರ್ಷ. ಅವತ್ತಿನಿಂದ ಹತ್ತನೇ ಕ್ಲಾಸು ಮುಗಿಯುವವರೆಗೆ ನಾನು ಎದ್ದಾಗ ನೀನು ಮನೆಯಲ್ಲಿ ಇದ್ದ ಒಂದು ಬೆಳಗು ಹೇಳು ನೋಡೋಣ. ಹಬ್ಬದ ದಿನ ಸೊಪ್ಪಿಗೆ ಗಿರಾಕಿ ಜಾಸ್ತಿ, ಹಬ್ಬಕ್ಕೂ ಇಲ್ಲ. ನನಗೆ ಜ್ವರ ಬಂದಾಗಲೂ ಇಲ್ಲ. ನಾಲ್ಕು ಗಂಟೆಗೆ ನೀನು ಹೊರೆ ಹೊತ್ತು ಯಶವಂತಪುರ ಮಾರ್ಕೆಟ್ಟಿನ ಬಸ್ಸು ಹಿಡಿಯುತ್ತಿದ್ದೆ. ಹೊರಗಿನಿಂದ ಬೀಗ. ಎಂಟಕ್ಕೆ ಪಕ್ಕದ ಮನೆ ಮುನಿನಾರಾಯಣಮ್ಮ ಬಂದು ಬೀಗ ತೆಗೆದು ಸ್ಕೂಲಿಗೆ ಕಳಿಸುತ್ತಿದ್ದರು. ಅಲ್ಲಿಯವರೆಗೆ ನಾನು ಒಬ್ಬನೇ.

ಸೀಮೆಎಣ್ಣೆ ಸ್ಟೌ ಪಕ್ಕದಲ್ಲಿ ಒಂದು ಸ್ಟೀಲ್ ಲೋಟ. ಅದರ ಮೇಲೆ ತಟ್ಟೆ. ಒಳಗೆ ನೀನು ನಾಲ್ಕು ಗಂಟೆಗೆ ಮಾಡಿಟ್ಟ ಕಾಫಿ. ಏಳೂವರೆಗೆ ನಾನು ತಟ್ಟೆ ತೆಗೆದರೆ ಅದು ತಣ್ಣಗೆ ಕೊರೆಯುತ್ತಿತ್ತು, ಮೇಲೆ ದಪ್ಪ ಕೆನೆ. ಆ ಕೆನೆ ತುಟಿಗೆ ಅಂಟುತ್ತಿತ್ತು. ಸ್ಟೌ ಮುಟ್ಟಿದರೆ ಕೈ ಮುರಿಯುತ್ತೇನೆ ಅಂದಿದ್ದೆಯಲ್ಲ, ಬಿಸಿ ಮಾಡುವ ಹಾಗಿರಲಿಲ್ಲ. ಅಷ್ಟೂ ವರ್ಷ ಅದನ್ನೇ ಕುಡಿದೆ. ಇವತ್ತಿಗೂ ಹೋಟೆಲಿನಲ್ಲಿ ಕಾಫಿಯ ಮೇಲೆ ಕೆನೆ ಕಂಡರೆ ಲೋಟ ಸರಿಸುತ್ತೇನೆ.

ಮಧ್ಯಾಹ್ನ ಬಂದು ನೀನು ಏನು ಹೇಳುತ್ತಿದ್ದೆ ನೆನಪಿದೆಯಾ? ‘ಇವತ್ತು ಒಳ್ಳೇ ದಿನ ಕಣೋ ಶರತ, ಎಲ್ಲಾ ಮಾರೋಯ್ತು!’ ನಿನ್ನ ಮುಖ ಹೊಳೆಯುತ್ತಿತ್ತು. ನಿನ್ನ ಒಳ್ಳೆಯ ದಿನ ಅಂದರೆ ನನಗೆ ಆ ಬೀಗ ಅಮ್ಮ. ಅವತ್ತು ಬಾಯಿಬಿಟ್ಟು ಹೇಳುವ ಹಾಗಿರಲಿಲ್ಲ. ನೀನು ದುಡಿಯುತ್ತಿದ್ದುದು ನನಗಾಗಿ ಅಂತ ಎಲ್ಲರೂ ಹೇಳುತ್ತಿದ್ದರು. ಹೌದು, ನನಗೂ ಗೊತ್ತಿತ್ತು. ಗೊತ್ತಿದ್ದ ಮಾತ್ರಕ್ಕೆ ಕಾಫಿ ಬಿಸಿಯಾಗುತ್ತಿತ್ತಾ?

ಜಮೀನಿಗೆ ಬೆಲೆ ಬಂತು, ಬಿಲ್ಡಿಂಗ್ ಎದ್ದಿತು. ಇನ್ನಾದರೂ ಬೆಳಿಗ್ಗೆ ಮನೆಯಲ್ಲಿರುತ್ತೀಯ ಅಂದುಕೊಂಡೆ. ಈಗ ದುಡಿಯುವ ಅಗತ್ಯವೂ ಇಲ್ಲ, ಆದರೂ ನಾಲ್ಕು ಗಂಟೆಗೆ ಬುಟ್ಟಿ. ಆಗ ನೀನು ನನಗಾಗಿ ಹೋಗುತ್ತಿದ್ದೆ ಅಂತ ಸಮಾಧಾನ ಮಾಡಿಕೊಂಡಿದ್ದೆ. ಈಗ ಯಾರಿಗಾಗಿ?

ಈ ಮೂರೂವರೆ ತಿಂಗಳು ನೀನು ಏಳೂಕಾಲಕ್ಕೆ ಬರುತ್ತಿದ್ದೆ. ಏಳೂವರೆಗೆ ನಾವಿಬ್ಬರೂ ಅಡುಗೆಮನೆಯಲ್ಲಿ ಕೂತು ಬಿಸಿ ಕಾಫಿ ಕುಡಿಯುತ್ತಿದ್ದೆವು. ನೀನು ಮಾರ್ಕೆಟ್ಟಿನ ಕಥೆ ಹೇಳುತ್ತಿದ್ದೆ, ನಾನು ಕೇಳುತ್ತಿದ್ದೆ. ನನಗೆ ನಲವತ್ತೊಂದು ವರ್ಷ. ಒಳ್ಳೆಯ ದಿನ ಅಂತ ನಾನು ಎಣಿಸಿಕೊಂಡದ್ದು ಅವನ್ನೇ. ಹೌದು, ಆ ಬೆಳಗುಗಳನ್ನು ಕೊಂಡುಕೊಂಡೆ. ಮೋಸ ಮಾಡಿಯೇ ಕೊಂಡುಕೊಂಡೆ. ಮತ್ತೆ ಅವಕಾಶ ಸಿಕ್ಕರೆ ಮತ್ತೆ ಮಾಡುತ್ತೇನೆ, ಈ ಸಲ ಬಕೆಟ್ಟಿಗೆ ಮುಚ್ಚಳವನ್ನೂ ನಾನೇ ಹಾಕುತ್ತೇನೆ.

ಬರುವುದಾದರೆ ಬಾ, ಇಲ್ಲವಾದರೆ ಬಿಡು.

ಶರತ್


ಮಾಕಳಿ
9 ಏಪ್ರಿಲ್ 2025

ಶರತ,

ಆಶೀರ್ವಾದ.

ನಿನ್ನ ಕಾಗದ ಬಂದು ಮೂರು ವಾರವಾಯಿತು. ಯುಗಾದಿ ಬಂತು, ಹೋಯಿತು. ನಿನ್ನ ಮಾವ ಒಬ್ಬಟ್ಟು ತಿನ್ನು ಅಂತ ಗೋಗರೆದ. ಅರ್ಧ ತಿಂದೆ. ನಾಲ್ಕು ಸಲ ಬರೆಯಲು ಕೂತೆ, ನಾಲ್ಕು ಸಲ ಹರಿದೆ. ಇದು ಐದನೆಯದು.

ಮೊದಲು ಬೈಗುಳ. ನಿನಗೆ ಬಾಯಿರಲಿಲ್ಲವೇನೋ? ‘ಅಮ್ಮ, ನನ್ನ ಜೊತೆ ಕೂತು ಒಂದು ಲೋಟ ಕಾಫಿ ಕುಡಿ’ ಅಂತ ಕೇಳಲು ಹನ್ನೆರಡು ಮನೆಯವರು, ದಿನಕ್ಕೆ ಅರವತ್ತು ಕಟ್ಟು ಸೊಪ್ಪು, ಒಂದು ವಾಟ್ಸಾಪ್ ಗ್ರೂಪು ಬೇಕಾಯಿತಾ? ಬಿಲ್ಡಿಂಗ್ ಕಟ್ಟಿಸುವಾಗ ಎಂಥೆಂಥ ಕಂಟ್ರಾಕ್ಟರುಗಳ ಹತ್ತಿರ ಗಂಟಲು ಹರಿಯುವ ಹಾಗೆ ಕೂಗಾಡಿದೆ. ಹೆತ್ತವಳ ಹತ್ತಿರ ಮಾತು ಬರಲಿಲ್ಲ!

ಎರಡನೆಯದು. ನಾನು ನಾಲ್ಕು ಗಂಟೆಗೆ ಹೋಗದಿದ್ದರೆ ಆ ಲೋಟದಲ್ಲಿ ಕಾಫಿಯೂ ಇರುತ್ತಿರಲಿಲ್ಲ. ಅದಕ್ಕೆ ನಾನು ಕ್ಷಮೆ ಕೇಳುವುದಿಲ್ಲ. ಬೀಗದ ವಿಷಯಕ್ಕೂ ಕೇಳುವುದಿಲ್ಲ. ಎಂಟು ವರ್ಷದ ಮಗುವನ್ನು ಬಾಗಿಲು ತೆರೆದಿಟ್ಟು ಬಿಟ್ಟುಹೋಗಲಾ? ಬೀಗ ಹಾಕಿ ಬಸ್ ಸ್ಟಾಪಿನ ತನಕ ಹೋಗಿ, ಹಾಕಿದೆನೋ ಇಲ್ಲವೋ ಅಂತ ಹೊರೆ ಹೊತ್ತುಕೊಂಡೇ ವಾಪಸು ಬಂದು ನೋಡಿದ ದಿನಗಳಿವೆ. ಅದು ನಿನಗೆ ಗೊತ್ತಿಲ್ಲ. ನೀನು ನಿದ್ದೆ ಮಾಡುತ್ತಿದ್ದೆ.

ಈಗ ಯಾರಿಗಾಗಿ ಅಂತ ಕೇಳಿದ್ದೀಯ. ನನಗಾಗಿ. ಸಾಕಾ? ಆಗ ಹೊಟ್ಟೆಪಾಡಿಗೆ ಹೋದೆ, ಈಗ ನನ್ನ ಖುಷಿಗೆ ಹೋಗುತ್ತೇನೆ. ಮೂವತ್ತು ವರ್ಷ ಹೊತ್ತ ಮೇಲೆ ಅದೊಂದನ್ನು ಇಟ್ಟುಕೊಳ್ಳುವ ಹಕ್ಕು ನನಗಿಲ್ಲವಾ?

ಸೋಮವಾರ ಬರುತ್ತೇನೆ. ಮಾವನ ತೋಟದ ದಂಟು, ಪಾಲಕ್ ತಂದು ಅಲ್ಲಿಂದಲೇ ನೇರ ಹೊಂಗೆಮರದ ಕೆಳಗೆ ಕೂರುತ್ತೇನೆ, ಆಮೇಲೆ ಮನೆಗೆ. ಅಷ್ಟರೊಳಗೆ ಗ್ರೂಪಿನಲ್ಲಿ ಬರಿ, ‘ಬೇಕಾದವರು ಮಾತ್ರ ತಗೊಳ್ಳಿ, ಬೇಡದವರು ಬೇಡ’ ಅಂತ. ದಾಕ್ಷಾಯಣಿಗೆ ಬಾಯಿಬಿಟ್ಟು ತಪ್ಪಾಯಿತು ಅನ್ನು. ಮುಚ್ಚಳದ ಮಾತು ಅವಳ ಮುಂದೆ ಎತ್ತಿದೆಯೋ, ನೋಡು ಮತ್ತೆ. ಪುಂಡಿಗೆ ನೀರು ಬುಡಕ್ಕೆ ಹಾಕಬೇಕು, ತಲೆ ಮೇಲಲ್ಲ.

ಏಳೂವರೆಗೆ ನಾನು ಮನೆಯಲ್ಲಿ ಇರುವುದಿಲ್ಲ. ಅದನ್ನು ಈಗಲೇ ಹೇಳುತ್ತಿದ್ದೇನೆ.

ಕೃಷ್ಣಮ್ಮ


ಕೊಡಿಗೇಹಳ್ಳಿ
17 ಏಪ್ರಿಲ್ 2025

ಶರತ,

ಆಶೀರ್ವಾದ. ಒಂದೇ ಮನೆಯಲ್ಲಿದ್ದೂ ಕಾಗದವೇ. ಬಂದು ನಾಲ್ಕು ದಿನವಾಯಿತು. ನಾನು ಬೆಳಿಗ್ಗೆ ಹೊರಡುವಾಗ ನೀನು ಮಲಗಿರುತ್ತೀಯ, ನೀನು ಅಂಗಡಿಯಿಂದ ಬಂದರೆ ಟೀವಿ ಕಡೆ ಮುಖ. ನಾನೂ ಮಾತಾಡಿಸಲಿಲ್ಲ, ನೀನೂ ಮಾತಾಡಿಸಲಿಲ್ಲ. ಇದನ್ನು ಫ್ರಿಜ್ ಮೇಲೆ, ನನ್ನ ಫೋನಿನ ಕೆಳಗೆ ಇಡುತ್ತಿದ್ದೇನೆ.

ನಾಲ್ಕೂ ದಿನ ಬುಟ್ಟಿ ಖಾಲಿಯಾಗಲಿಲ್ಲ. ಬಿಲ್ಡಿಂಗಿನವರಲ್ಲಿ ಬಂದವಳು ದಾಕ್ಷಾಯಣಿ ಒಬ್ಬಳೇ, ಅದೂ ಒಂದೇ ಕಟ್ಟಿಗೆ. ಚೌಕಾಸಿ ಬೇರೆ ಮಾಡಿದಳು. ಕೊಸರು ಹಾಕಿ ಕಳಿಸಿದೆ. ಇಡ್ಲಿ ಗಾಡಿಯವಳು ವಾಪಸು ಬಂದಳು. ನಜ್ಮುನ್ನೀಸಾ ಬರುವಳೋ ಇಲ್ಲವೋ, ನಾಳೆ ಶುಕ್ರವಾರ, ನೋಡಬೇಕು.

ಇವತ್ತಿನ ವಿಷಯಕ್ಕೆ ಬರುತ್ತೇನೆ. ಏಳೂವರೆಗೆ ನೀನು ರಸ್ತೆ ದಾಟಿ ಬರುವುದನ್ನು ನೋಡಿದೆ. ಕೈಯಲ್ಲಿ ಸ್ಟೀಲ್ ಲೋಟ, ಅದರ ಮೇಲೆ ತಟ್ಟೆ. ಬಂದು ನಿಂತೆ. ನನ್ನ ಸುತ್ತ ಮೂರು ಜನ ಗಿರಾಕಿ. ‘ಇರೋ, ಗಿರಾಕಿ ಅವ್ರೆ, ಕಾಣಾಕಿಲ್ವಾ’ ಅಂದೆ. ನೀನು ಹತ್ತು ನಿಮಿಷ ನಿಂತೆ. ನಾನು ತಲೆ ಎತ್ತಲಿಲ್ಲ. ಬೇಕಂತಲೇ ಎತ್ತಲಿಲ್ಲ, ಇನ್ನೂ ಕೋಪವಿತ್ತು. ನೀನು ಲೋಟವನ್ನು ಮರದ ಬುಡದಲ್ಲಿಟ್ಟು, ಸರಿದಿದ್ದ ತಟ್ಟೆಯನ್ನು ಸರಿಯಾಗಿ ಮುಚ್ಚಿ ಹೊರಟುಹೋದೆ. ‘ಕರಿಯೇ ಅವನ್ನ, ಮೊಂಡಿ’ ಅಂತ ರತ್ನಕ್ಕ ನನ್ನ ಬೆನ್ನಿಗೆ ಗುದ್ದಿದಳು. ನಾನು ಕರೆಯಲಿಲ್ಲ.

ಹತ್ತೂವರೆಗೆ ಜನ ಕಡಿಮೆಯಾದ ಮೇಲೆ ತಟ್ಟೆ ತೆಗೆದೆ. ಕಾಫಿ ತಣ್ಣಗೆ ಕೊರೆಯುತ್ತಿತ್ತು. ಮೇಲೆ ದಪ್ಪ ಕೆನೆ. ಚೆಲ್ಲೋಣ ಅಂತ ಕೈ ಎತ್ತಿದೆ, ಆಗಲಿಲ್ಲ. ಕುಡಿದೆ. ಕೆನೆ ತುಟಿಗೆ ಅಂಟಿತು. ಸೆರಗಿನಲ್ಲಿ ಒರೆಸಿಕೊಂಡೆ, ಹೋಗಲಿಲ್ಲ. ಥೂ, ಎಷ್ಟು ಕೆಟ್ಟದಾಗಿರುತ್ತದೋ ಅದು! ನನಗೆ ಗೊತ್ತೇ ಇರಲಿಲ್ಲ ಕಣೋ. ಅಷ್ಟು ವರ್ಷ ಅದನ್ನು ಮಾಡಿಟ್ಟವಳು ನಾನು, ಒಂದು ದಿನವೂ ಕುಡಿದು ನೋಡಿರಲಿಲ್ಲ. ಗುಟುಕು ಗುಟುಕಾಗಿ ಪೂರ್ತಿ ಕುಡಿದೆ. ರತ್ನಕ್ಕ ಯಾಕೆ ಅಳ್ತೀಯ ಅಂದಳು. ಈರುಳ್ಳಿ ಸೊಪ್ಪು ಅಂದೆ. ಬುಟ್ಟಿಯಲ್ಲಿ ಈರುಳ್ಳಿ ಸೊಪ್ಪು ಇರಲಿಲ್ಲ.

ನಾಳೆ ಏಳೂವರೆಗೆ ಬಾ. ಗಿರಾಕಿ ಇದ್ದರೂ ಏಳುತ್ತೇನೆ, ಹದಿನೈದು ನಿಮಿಷ ರತ್ನಕ್ಕ ನೋಡಿಕೊಳ್ಳುತ್ತಾಳೆ. ಅವಳಿಗೆ ಹೇಳಿ ಬಂದಿದ್ದೇನೆ. ಮರದ ಹಿಂದೆ ಎರಡು ಕಲ್ಲಿವೆ, ಕೂರಬಹುದು. ಎರಡು ಲೋಟ ತಾ. ತಟ್ಟೆ ತರಬೇಡ.

ಅಮ್ಮ